ಫ್ರೀಟೈಪ್‌ಗೆ ಹೊಸ ಸೌಲಭ್ಯವೊಂದನ್ನು ಪ್ರಸ್ತಾಪಿಸುವ ಬಗೆ

ಫ್ರೀಟೈಪ್ ಲೈಬ್ರರಿಯ ಕೆಲಸ ಹೇಳುವುದಕ್ಕೆ ಸರಳ: ಫಾಂಟ್ ಕಡತವನ್ನು ಓದಿ, ಕೇಳಿದ ಗ್ಲಿಫ್‌ನ (ಫಾಂಟಿನೊಳಗಿನ ಒಂದು ಅಕ್ಷರರೂಪದ) ಹೊರರೇಖೆಯನ್ನು ಪಡೆದು, ಬೇಕಿದ್ದರೆ ಹಿಂಟಿಂಗ್ ಮಾಡಿ (ಗೆರೆಗಳು ಪಿಕ್ಸೆಲ್ ಜಾಲರಿಗೆ ಹೊಂದುವಂತೆ ಸರಿಹೊಂದಿಸಿ), ಪಿಕ್ಸೆಲ್‌ಗಳಾಗಿ ಒಪ್ಪಿಸುವುದು. ಲಿನಕ್ಸ್ ಡೆಸ್ಕ್‌ಟಾಪ್‌ನಿಂದ ಆಂಡ್ರಾಯ್ಡ್ ಫೋನ್‌ವರೆಗೆ ಅಸಂಖ್ಯ ತಂತ್ರಾಂಶಗಳು ಅದನ್ನು ನೆಚ್ಚಿಕೊಂಡಿರುವುದರಿಂದ, ಒಮ್ಮೆ ಸೇರಿಸಿದ ಫಂಕ್ಷನ್ ಅನ್ನು ಹಿಂತೆಗೆಯುವುದು ಬಹಳ ಕಷ್ಟ. ಹೊಸ ಸೌಲಭ್ಯ ಬೇಕೆನ್ನುವವರು ಅದರ ಮುಂದಿನ ನಿರ್ವಹಣೆಯ ಹೊರೆಯನ್ನೂ ನಿರ್ವಾಹಕರ ಹೆಗಲಿಗೆ ಹಾಕುತ್ತಿರುತ್ತಾರೆ. ಪ್ರಸ್ತಾಪವನ್ನು ಬರೆಯುವಾಗ ಇದು ನೆನಪಿನಲ್ಲಿರಬೇಕು.

ಮೊದಲು ನಿಮ್ಮ ಬೇಡಿಕೆ ಫ್ರೀಟೈಪ್‌ಗೇ ಸೇರಿದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ‘ಅರ್ಕ’ ಎಂದು ಬರೆದಾಗ ಅರ್ಕಾವೊತ್ತು ‘ಕ’ದ ನಂತರ ಬರುವಂತೆ ಗ್ಲಿಫ್‌ಗಳನ್ನು ಆರಿಸಿ ಜೋಡಿಸುವುದು ಹಾರ್ಫ್‌ಬಜ್‌ನಂತಹ ಶೇಪಿಂಗ್ ಲೈಬ್ರರಿಯ ಹೊಣೆ. ಹಾರ್ಫ್‌ಬಜ್ ಜೊತೆಗೆ ಬರುವ ಎಚ್‌ಬಿ-ಶೇಪ್ ಉಪಕರಣಕ್ಕೆ ಆ ಪದವನ್ನು ಕೊಟ್ಟರೆ ಗ್ಲಿಫ್‌ಗಳ ಕ್ರಮವೂ ಸ್ಥಾನವೂ ತಿಳಿಯುತ್ತವೆ. ಕ್ರಮವೇ ತಪ್ಪಿದ್ದರೆ ಫ್ರೀಟೈಪ್ ಮಾಡಬಹುದಾದದ್ದು ಏನೂ ಇಲ್ಲ. ಕ್ರಮ ಸರಿಯಿದ್ದು, ಸಣ್ಣ ಗಾತ್ರದಲ್ಲಿ ಒತ್ತಿನ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದರೆ, ಅದೇ ಗ್ಲಿಫ್ ಅನ್ನು ಫ್ರೀಟೈಪ್‌ನ ಪ್ರಾತ್ಯಕ್ಷಿಕೆ ಉಪಕರಣವಾದ ಎಫ್‌ಟಿಗ್ರಿಡ್‌ನಲ್ಲಿ ತೆರೆದು ನೋಡಿ. ಹೊರರೇಖೆಯ ಬಿಂದುಗಳು ಪಿಕ್ಸೆಲ್ ಜಾಲರಿಯ ಮೇಲೆ ಎಲ್ಲಿ ಕುಳಿತಿವೆ ಎಂಬುದು ಅದರಲ್ಲಿ ಕಾಣುತ್ತದೆ. ಹಿಂಟಿಂಗ್ ಇಟ್ಟು ಮತ್ತು ತೆಗೆದು ಹೋಲಿಸಿದರೆ ದೋಷ ಫಾಂಟಿನದೋ ಲೈಬ್ರರಿಯದೋ ಎಂದು ಬಹುಮಟ್ಟಿಗೆ ತಿಳಿಯುತ್ತದೆ.

ಬೇಕಾದದ್ದು ಈಗಾಗಲೇ ಇರಲೂಬಹುದು. ಗ್ಲಿಫ್ ಲೋಡ್ ಮಾಡುವಾಗಿನ ಫ್ಲ್ಯಾಗ್‌ಗಳು, ಮಾಡ್ಯೂಲ್‌ಗಳ ಪ್ರಾಪರ್ಟಿಗಳು, ಕಂಪೈಲ್ ಸಮಯದ ಆಯ್ಕೆಗಳು, ಈ ಮೂರನ್ನೂ ಹಳೆಯ ಚರ್ಚೆಗಳನ್ನೂ ಒಮ್ಮೆ ಜಾಲಾಡಿ.

ಪ್ರಸ್ತಾಪದ ಮೊದಲ ಭಾಗದಲ್ಲಿ ಪರಿಹಾರವನ್ನು ಬದಿಗಿಟ್ಟು ಸಮಸ್ಯೆಯನ್ನಷ್ಟೇ ವಿವರಿಸಿ: ಮುಕ್ತವಾಗಿ ಹಂಚಬಹುದಾದ ಒಂದು ಫಾಂಟ್, ಒಂದು ಗ್ಲಿಫ್, ಒಂದು ಗಾತ್ರ, ಬಳಸಿದ ಆವೃತ್ತಿ, ಈಗ ಬರುವ ಚಿತ್ರ, ಬರಬೇಕಾದ ಚಿತ್ರ. ಪುಟಗಟ್ಟಲೆ ವಾದಕ್ಕಿಂತ ಇಷ್ಟು ಸಾಮಗ್ರಿ ನಿರ್ವಾಹಕರಿಗೆ ಹೆಚ್ಚು ಉಪಯುಕ್ತ.

ಪರಿಹಾರದ ವಿನ್ಯಾಸಕ್ಕೆ ಫ್ರೀಟೈಪ್‌ನ ಇತಿಹಾಸದಲ್ಲೇ ಒಳ್ಳೆಯ ಮಾದರಿಗಳಿವೆ. 2022ರ 2.12ನೇ ಆವೃತ್ತಿಯಲ್ಲಿ ಎಸ್‌ವಿಜಿ ಎಂಬ ವೆಕ್ಟರ್ ಚಿತ್ರ ಸ್ವರೂಪದ ಗ್ಲಿಫ್‌ಗಳಿಗೆ ಬೆಂಬಲ ಬಂದಾಗ, ಎಸ್‌ವಿಜಿ ಬಿಡಿಸುವ ಇಡೀ ಯಂತ್ರವನ್ನು ಲೈಬ್ರರಿಯೊಳಗೆ ತುರುಕಲಿಲ್ಲ. ಲಿಬ್‌ಆರ್‌ಎಸ್‌ವಿಜಿಯಂತಹ ಹೊರಗಿನ ಲೈಬ್ರರಿಯನ್ನು ಬಳಕೆದಾರ ತಂತ್ರಾಂಶವೇ ಸಿಕ್ಕಿಸಲು ಹುಕ್‌ಗಳನ್ನು, ಅಂದರೆ ಹೊರಗಿನ ಕೋಡ್ ಜೋಡಿಸುವ ಕೊಂಡಿಗಳನ್ನು, ಕೊಟ್ಟರು. 2021ರ 2.11ನೇ ಆವೃತ್ತಿಯಲ್ಲಿ ಬಂದ ಎಸ್‌ಡಿಎಫ್ ರೆಂಡರರ್ (ಪ್ರತಿ ಪಿಕ್ಸೆಲ್‌ನಲ್ಲಿ ಹೊರರೇಖೆಗಿರುವ ದೂರವನ್ನು ದಾಖಲಿಸುವ ಚಿತ್ರ ತಯಾರಿಸುವ ಭಾಗ) ಪ್ರತ್ಯೇಕ ಮಾಡ್ಯೂಲ್ ಆಗಿಯೇ ಉಳಿದಿದೆ. ಹೊಸ ಅವಲಂಬನೆಯನ್ನು ಐಚ್ಛಿಕವಾಗಿಡುವ, ಹೊಸ ಎಪಿಐಯನ್ನು (ಬೇರೆ ತಂತ್ರಾಂಶಗಳು ಕರೆಯುವ ಫಂಕ್ಷನ್‌ಗಳನ್ನು) ಮೊದಲು ಪ್ರಾಯೋಗಿಕವೆಂದು ಗುರುತಿಸುವ ಪ್ರಸ್ತಾಪಕ್ಕೆ ಒಪ್ಪಿಗೆ ಸಿಗುವ ಸಂಭವ ಹೆಚ್ಚೆಂದು ನನ್ನ ಅಭಿಪ್ರಾಯ. ಬೇರೆ ತಂತ್ರಾಂಶಗಳು ನೇರವಾಗಿ ಓದುವ ಸಾರ್ವಜನಿಕ ಸ್ಟ್ರಕ್ಚರ್‌ನ (ದತ್ತಾಂಶ ರಚನೆಯ) ನಡುವೆ ಹೊಸ ಫೀಲ್ಡ್ ಸೇರಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ. ಈಗಾಗಲೇ ಕಂಪೈಲ್ ಆಗಿರುವ ತಂತ್ರಾಂಶಗಳು ತಪ್ಪು ವಿಳಾಸದಿಂದ ಮೌಲ್ಯ ಓದತೊಡಗುತ್ತವೆ. ಪಿಕ್ಸೆಲ್ ಅನ್ನು 64 ಭಾಗ ಮಾಡುವ 26.6 ಸ್ಥಿರಬಿಂದು ಅಂಕಿಗಳೇ ಇಲ್ಲಿನ ರೂಢಿಯಾದ್ದರಿಂದ, ಹೊಸ ಎಪಿಐಗೆ ಫ್ಲೋಟ್ (ಚಲಬಿಂದು ಅಂಕಿ) ತರುವುದೂ ಬೇಡ.

ಸುರಕ್ಷತೆಯ ಬಗ್ಗೆ ಒಂದು ಪ್ಯಾರಾ ಇರಲೇಬೇಕು. ಫಾಂಟ್ ಎಂಬುದು ಅಪರಿಚಿತರಿಂದ ಬರಬಹುದಾದ ಕಡತ. ಫಾಂಟಿನೊಳಗಿನ ಪಿಎನ್‌ಜಿ ಚಿತ್ರಗಳನ್ನು ಓದುವ ಕೋಡ್‌ನಲ್ಲಿದ್ದ ಬಫರ್ ಓವರ್‌ಫ್ಲೋ (ಮೀಸಲಿಟ್ಟ ಸ್ಮೃತಿಯ ಮೇರೆ ಮೀರಿ ಬರೆಯುವ ದೋಷ) ಒಂದನ್ನು ದಾಳಿಕೋರರು ಬಳಸುತ್ತಿರುವುದು 2020ರ ಅಕ್ಟೋಬರ್‌ನಲ್ಲಿ ಪತ್ತೆಯಾಗಿ, 2.10.4ನೇ ಆವೃತ್ತಿಯನ್ನು ತುರ್ತಾಗಿ ಬಿಡುಗಡೆ ಮಾಡಬೇಕಾಯಿತು. ಆದ್ದರಿಂದ ನಿಮ್ಮ ಕೋಡ್ ಓದುವ ಕೋಷ್ಟಕ ಅರ್ಧಕ್ಕೆ ತುಂಡಾಗಿದ್ದರೆ, ಅದರಲ್ಲಿ ನಮೂದಿಸಿದ ಉದ್ದ ಸುಳ್ಳಾಗಿದ್ದರೆ, ಉಲ್ಲೇಖಗಳು ಸುತ್ತಿ ಬಂದು ತಮ್ಮನ್ನೇ ಸೂಚಿಸಿದರೆ ಏನಾಗುತ್ತದೆ ಎಂಬುದನ್ನು ಬರೆದು ತೋರಿಸಿ.

ದಿಕ್ಕಿನ ಬಗ್ಗೆ ಸಮ್ಮತಿ ಸಿಕ್ಕ ಮೇಲೆ, ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್‌ನಲ್ಲಿ ಚಿಕ್ಕ ಚಿಕ್ಕ ಕಮಿಟ್‌ಗಳಾಗಿ ಕೋಡ್ ಸಲ್ಲಿಸಿ. ಲೈಬ್ರರಿಯು ಫ್ರೀಟೈಪ್ ಲೈಸೆನ್ಸ್ ಮತ್ತು ಜಿಪಿಎಲ್ 2 ಎರಡರಡಿಯೂ ದೊರೆಯುವುದರಿಂದ, ಬೇರೆಡೆಯಿಂದ ತಂದ ಕೋಡ್ ಎರಡಕ್ಕೂ ಹೊಂದಬೇಕು. ಫ್ರೀಟೈಪ್‌ನ ವೇಗ ಅಳೆಯುವ ಉಪಕರಣವಾದ ಎಫ್‌ಟಿಬೆಂಚ್‌ನಿಂದ ಬದಲಾವಣೆಯ ಹಿಂದಿನ ಮತ್ತು ನಂತರದ ವೇಗವನ್ನು ಒಂದೇ ಯಂತ್ರದಲ್ಲಿ ಅಳೆದು ಜೊತೆಗಿಡಿ. ಹೊಸ ಸೌಲಭ್ಯವನ್ನು ಬಳಸದವರಿಗೆ ವೇಗ ಕುಸಿದಿಲ್ಲವೆಂಬುದು ಆ ಅಂಕಿಗಳಲ್ಲಿ ಕಾಣಬೇಕು.