ಭಾನುವಾರದ ಮಾತ್ರೆ ಮತ್ತು ಹೊಸ ಲಸಿಕೆ

ಬೆಳಿಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಿ ನೋಡುತ್ತೇನೆ. ಬೆರಳು ಪೂರ್ತಿ ಮಡಚಿದರೆ ಅವತ್ತು ಒಳ್ಳೆಯ ದಿನ. ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾದಾಗಿನಿಂದ ಇದೇ ಅಭ್ಯಾಸ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಅದನ್ನು ತಗ್ಗಿಸಲು ಪ್ರತಿ ಭಾನುವಾರ ರಾತ್ರಿ ಮೆಥೋಟ್ರೆಕ್ಸೇಟ್ ನುಂಗುತ್ತೇನೆ. ದಿನಾ ಅಲ್ಲ, ವಾರಕ್ಕೊಂದೇ ಸಲ.

2021ರ ಮಾರ್ಚ್ 1ರಿಂದ, 45 ದಾಟಿ ಬೇರೆ ಕಾಯಿಲೆಯೂ ಇದ್ದವರಿಗೆ ಕೋವಿಡ್ ಲಸಿಕೆ ಕೊಡಲು ಶುರು ಮಾಡಿದರು. ನನಗಾಗ 48. ನನ್ನಂಥ ಮಾತ್ರೆ ತೆಗೆದುಕೊಳ್ಳುವವರೂ ಸರ್ಕಾರದ ಪಟ್ಟಿಯಲ್ಲಿದ್ದರು, ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಸಾಕಿತ್ತು. "ನಿನಗೆ ಮೊದಲೇ ಶಕ್ತಿ ಕಡಿಮೆ, ಸುಮ್ನೆ ಇರು" ಅಂದ ಅಣ್ಣ. "ಅದಕ್ಕೇ ಅಲ್ವಾ ಹಾಕಿಸಿಕೊಳ್ಳಬೇಕಾದ್ದು" ಅಂದಳು ಮಗಳು. ಎರಡೂ ಸರಿ ಅನಿಸಿ ಒಂದು ವಾರ ನಿದ್ದೆ ಕೆಟ್ಟಿತು.

ಕೊನೆಗೆ ನೋಟ್‌ಬುಕ್ ತೆಗೆದೆ. ಲಸಿಕೆ ಒಳ್ಳೆಯದಾ ಕೆಟ್ಟದ್ದಾ ಅಂತ ಯೋಚಿಸುವುದನ್ನು ಬಿಟ್ಟು, ನನ್ನ ಕಾಯಿಲೆ, ನನ್ನ ಮಾತ್ರೆಗೆ ಸಂಬಂಧಿಸಿದ್ದನ್ನಷ್ಟೇ ಬರೆದೆ. ಮೂರೇ ಪ್ರಶ್ನೆ ಉಳಿದವು.

ಇದರಲ್ಲಿ ಜೀವಂತ ವೈರಸ್ ಇದೆಯಾ? ಇದು ಮುಖ್ಯ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುವವರಿಗೆ ಜೀವಂತ ಲಸಿಕೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಡಾಕ್ಟರ್ ಬಿಡಿಸಿ ಹೇಳಿದರು: ಕೋವ್ಯಾಕ್ಸಿನ್‌ನಲ್ಲಿರುವುದು ಸತ್ತ ವೈರಸ್. ಕೋವಿಶೀಲ್ಡ್‌ನಲ್ಲಿ ಚಿಂಪಾಂಜಿಗಳ ನೆಗಡಿ ವೈರಸ್ ಒಂದನ್ನು ದೇಹದಲ್ಲಿ ಬೆಳೆಯದಂತೆ ಮಾರ್ಪಡಿಸಿ ಬಳಸಿದ್ದಾರೆ.

ನನಗೆ ಅದು ಹತ್ತುತ್ತದಾ? ಮೆಥೋಟ್ರೆಕ್ಸೇಟ್‌ನಿಂದ ಲಸಿಕೆಯ ಪರಿಣಾಮ ಸ್ವಲ್ಪ ಕುಗ್ಗಬಹುದು ಅಂದರು. ಕಾಯಿಲೆ ಹಿಡಿತದಲ್ಲಿದ್ದುದರಿಂದ, ಪ್ರತಿ ಡೋಸ್ ಆದ ಮೇಲೆ ಒಂದು ಭಾನುವಾರದ ಮಾತ್ರೆ ಬಿಡಲು ಹೇಳಿದರು. "ಒಂದೇ ವಾರ, ನೀವಾಗಿಯೇ ಜಾಸ್ತಿ ಮಾಡಬೇಡಿ" ಅಂತ ಎರಡು ಸಲ ಹೇಳಿದರು.

ಕೀಲು ಕೆರಳುತ್ತದಾ? "ಕೆಲವರಿಗೆ ಆಗಬಹುದು. ಆದರೆ ಕೋವಿಡ್ ಬಂದರೆ ನಿಮಗೆ ಅಪಾಯ ಜಾಸ್ತಿ" ಅಂದರು. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡು ಅರ್ಧ ಗಂಟೆ ಕೂತೆ. ರಾತ್ರಿ ಚಳಿಜ್ವರ ಬಂತು, ಪ್ಯಾರಾಸಿಟಮಾಲ್ ನುಂಗಿದೆ. ಎರಡು ದಿನ ಮುಷ್ಟಿ ಮಡಚಲಿಲ್ಲ. ಆಗ ನಿಜಕ್ಕೂ ಹೆದರಿದೆ. ನಾಲ್ಕನೇ ಬೆಳಿಗ್ಗೆ ಹೆಬ್ಬೆರಳು ಮತ್ತೆ ಬೆರಳುಗಳ ಮೇಲೆ ಕೂತಿತು. ಆ ಭಾನುವಾರ ಮಾತ್ರೆ ಡಬ್ಬಿ ತೆಗೆದು ಹಾಗೇ ಮುಚ್ಚಿಟ್ಟೆ. ಅಷ್ಟು ವರ್ಷದ ಅಭ್ಯಾಸ, ಕೈ ತಡೆಯುವುದು ಸುಲಭವಿರಲಿಲ್ಲ.

ಎರಡನೇ ಡೋಸ್‌ಗೆ ಜಾಸ್ತಿ ಒದ್ದಾಡಿದೆ. ಮೇ ತಿಂಗಳಲ್ಲಿ ಎರಡು ದಿನ ಬೆಳಿಗ್ಗೆಯಿಂದ ಸರದಿಯಲ್ಲಿ ನಿಂತು, ಸ್ಟಾಕ್ ಇಲ್ಲ ಅಂತ ವಾಪಸ್ ಬಂದೆ. ಅಷ್ಟರಲ್ಲಿ ಎರಡು ಡೋಸ್‌ಗಳ ನಡುವಿನ ಅಂತರ 12ರಿಂದ 16 ವಾರಕ್ಕೆ ಏರಿತು. ಜೂನ್‌ನಲ್ಲಿ ಸಿಕ್ಕಿತು. ಹತ್ತು ದಿನದ ನಂತರ ಬಲ ಮಣಿಕಟ್ಟು ಊದಿ, ಇಳಿಯಲು ಮೂರು ವಾರ ಹಿಡಿಯಿತು. ಲಸಿಕೆಯಿಂದಲೋ, ಬಿಟ್ಟ ಮಾತ್ರೆಯಿಂದಲೋ, ಬೇರ್ಪಡಿಸಿ ಹೇಳಲು ಆಗಲ್ಲ ಅಂದರು ಡಾಕ್ಟರ್. ಆ ನೇರ ಮಾತಿನಿಂದಲೇ ಅವರ ಮೇಲೆ ನಂಬಿಕೆ ಹೆಚ್ಚಿತು.

ಈಗ ಅದೇ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದಿದ್ದೇನೆ. ನಮ್ಮಂಥವರಿಗೆ ಸರ್ಪಸುತ್ತು ಬರುವ ಸಾಧ್ಯತೆ ಜಾಸ್ತಿ. 50 ದಾಟಿದವರಿಗೆ ಅದರ ಹೊಸ ಲಸಿಕೆ 2023ರಲ್ಲಿ ಭಾರತಕ್ಕೆ ಬಂದಿದೆ, ಎರಡು ಡೋಸ್. ಮೊದಲ ಪ್ರಶ್ನೆಯ ಎದುರು ಉತ್ತರ ಬರೆದಾಗಿದೆ: ಜೀವಂತ ವೈರಸ್ ಇಲ್ಲ. ಉಳಿದ ಎರಡನ್ನು ಮುಂದಿನ ತಿಂಗಳು ಡಾಕ್ಟರ ಹತ್ತಿರ ಕೇಳಬೇಕು.