ನೆಗ್ಗಿದ ಹಿತ್ತಾಳಿ ತಂಬಿಗಿ ಸೀಳದಂಗ ಎತ್ತೋದು ಹೆಂಗ

ನೆಗ್ಗು ಬಿದ್ದ ತಂಬಿಗಿ ಕೊಡ ಏನರ ಇದ್ರ ಸೀದಾ ಸುತ್ತಿಗಿ ತಗೊಂಡು ಬಡಿಯಾಕ ಕುಂದ್ರಬ್ಯಾಡ್ರಿ, ಹಿತ್ತಾಳಿ ಬಡದಷ್ಟೂ ಬಿರುಸಾಗ್ತೈತಿ, ಒಂದು ಮಟ್ಟ ದಾಟಿದ್ರ ಟಪ್ ಅಂತ ಸೀಳತೈತಿ. ನಮ್ಮ ಕೊಪ್ಪಳ ಗಂಗಾವತಿ ಕಡೆ ಮನ್ಯಾಗ ಅಟ್ಟದ ಮ್ಯಾಲೆ ಬಿದ್ದಿರೋ ಹಳೇ ಪಾತ್ರಿ ಅರ್ಧಕ್ಕರ್ಧ ಗುಜರಿಗೆ ಹೋಗೋದು ಹಿಂಗ ಬಡದು ಸೀಳಿದ್ದಕ್ಕ.

ಮೊದಲು ಅದು ಯಾವ ಹಿತ್ತಾಳಿ ಅಂತ ನೋಡ್ರಿ. ತಗಡು ಎಳದು ಮಾಡಿದ್ದು ಸಾಮಾನ್ಯವಾಗಿ 70 ಪಾಲು ತಾಮ್ರ 30 ಪಾಲು ಸತುವಿನ ಆಸುಪಾಸು ಇರ್ತೈತಿ, ಇದನ್ನ ಕಾಟ್ರಿಜ್ ಬ್ರಾಸ್ ಅಂತಾರ, ಅಂದ್ರ ಬಂದೂಕಿನ ಕಾಡತೂಸಿನ ಕೇಸ್ ಮಾಡೋ ಹಿತ್ತಾಳಿನೂ ಇದ. ಸತು 35 ಪರ್ಸೆಂಟ್ ದಾಟಿದ್ರ ಒಳಗ ಇನ್ನೊಂದು ಗಡಸು ರಚನಾ ಹುಟ್ಟಿಕೊಳ್ತೈತಿ, ಅಂಥದ್ದು ಹೆಚ್ಚಾದಷ್ಟೂ ತಣ್ಣಗಿದ್ದಾಗ ಬಗ್ಗಿಸಾಕ ಹೋದ್ರ ಬಿರುಕು ಬಿಡೋದು ಜಾಸ್ತಿ. ಎರಕದ ದೀಪ, ನಲ್ಲಿಯೊಳಗ ಸೀಸ ಬೆರೆಸಿರ್ತಾರ, ಲೇಥ್‌ನ್ಯಾಗ ಚಂದ ಕಟ್ ಆಗಲಿ ಅಂತ. ಡ್ರಿಲ್ ಹಾಕಿದಾಗ ಚೂರು ಪುಡಿಪುಡಿ ಉದುರಿದ್ರ ಅದು ಸೀಸದ್ದು, ಅದನ್ನ ಬಡಿಯೋ ಆಸೆ ಬಿಡ್ರಿ. ಉದ್ದಕ ಸುರುಳಿ ಬಂದ್ರ ಕೆಲಸ ಮಾಡಬಹುದು.

ಈಗ ಆ ಕಾಡತೂಸಿನ ಕೇಸ್ ಹೆಂಗ ಮಾಡ್ತಾರ ಅಂತ ತಿಳಕೊಂಡ್ರ ನಮ್ಮ ತಂಬಿಗಿ ಕೆಲಸ ತಾನಾಗೇ ತಿಳಿತೈತಿ. ದುಂಡನೆ ಬಿಲ್ಲಿ ಕತ್ತರಿಸಿ, ಬಟ್ಟಲ ಮಾಡಿ, ಡೈಯೊಳಗ ಹಂತ ಹಂತವಾಗಿ ಉದ್ದಕ್ಕ ಎಳೀತಾರ, ನಡುನಡುವ ಕಾಸಿ ಮೆತ್ತಗ ಮಾಡ್ಲಿಲ್ಲ ಅಂದ್ರ ಹರಿತೈತಿ. ಕೊನಿಗೆ ತಳ ಬಿರುಸು ಇರಬೇಕು, ವಿಕರ್ಸ್ ಅನ್ನೋ ಬಿರುಸಿನ ಅಳತಿಯೊಳಗ 150ರ ಮ್ಯಾಲೆ, ಯಾಕಂದ್ರ ಗುಂಡು ಹಾರಿದಾಗ ಒತ್ತಡ ತಡಕೋಬೇಕು. ಬಾಯಿ ಮಾತ್ರ ಮೆತ್ತಗ ಇರಬೇಕು, 100ರ ಸುತ್ತಮುತ್ತ, ಅರಳಿ ಬಂದೂಕಿನ ಒಳಗೋಡೆಗೆ ಅಂಟಿ ಗ್ಯಾಸ್ ಹಿಂದಕ್ಕ ಬರದಂಗ ನೋಡ್ಕೊಳಾಕ. ಅದಕ್ಕ ಬಾಯಿ ಅಷ್ಟನ್ನ ಕಾಸ್ತಾರ, ಮಿಲಿಟರಿ ಕೇಸಿನ ಕತ್ತಿನ ಮ್ಯಾಲೆ ನೀಲಿ ಕಂದು ಕಲಿ ಕಾಣೋದು ಅದಕ್ಕ. ಪೂರಾ ಕಾಸಿ ಮೆತ್ತಗಾದ ಹಿತ್ತಾಳಿ 60ರ ಆಸುಪಾಸಿಗೆ ಇಳಿತೈತಿ. (ಗುಜರಿಯೊಳಗ ಕಾಡತೂಸು ಸಿಕ್ರ ಖಾಲಿ ಐತಿ ಅಂತ ನಂಬಿ ಬೆಂಕಿ ಹತ್ರ ಒಯ್ಯಬ್ಯಾಡ್ರಿ, ಮುಟ್ಟದ ಪೊಲೀಸರಿಗೆ ಹೇಳ್ರಿ.)

ಕಾಸೋ ಕೆಲಸ. ಒಳಗ ಕಲಾಯಿ ಇದ್ರ ಮೊದಲು ತೆಗೀರಿ, ತವರ 232 ಡಿಗ್ರಿಗೇ ಕರಗತೈತಿ, ಕೆಂಪಗ ಕಾಸಿದ್ರ ಹಿತ್ತಾಳಿನ ತಿಂತೈತಿ. ಬಳ್ಳಾರಿ ಬಿಸಲಾಗ ಅಂಗಳದಾಗ ಕುಂತು ಕಾಸಬ್ಯಾಡ್ರಿ, ಸೆಕಿ ಅಂತಲ್ಲ, ಬೆಳಕಿಗೆ ಬಣ್ಣ ಕಾಣಂಗಿಲ್ಲ. ಗಾಳಿ ಆಡೋ ನೆರಳಿನ್ಯಾಗ, ಸಂಜಿ ಆದ್ರ ಇನ್ನೂ ಛಲೋ. ಗ್ಯಾಸ್ ಟಾರ್ಚ್ ಒಂದಕಡೆ ಹಿಡಕೊಂಡು ನಿಲ್ಲದ ಆಡಿಸ್ಕೊಂತ ಇರ್ರಿ, ನೆಗ್ಗಿದ ಜಾಗ ಮತ್ತ ಸುತ್ತಲ ಎರಡು ಬೆರಳು ಅಷ್ಟು ಮಂದ ಕೆಂಪು, ಕತ್ತಲಾಗ ಅಷ್ಟ ಕಾಣೋವಂಥ ಕೆಂಪು, ಬಂದ ಕೂಡ್ಲೇ ಉರಿ ತೆಗೀರಿ. ಇದು ಸುಮಾರು 600 ಡಿಗ್ರಿ. ಇನ್ನೂ ಕಾಸಿದ್ರ ಒಳಗಿನ ಹರಳು ದಪ್ಪಾಗಿ, ಬಡದಾಗ ಮೈಯೆಲ್ಲಾ ಕಿತ್ತಳೆ ಸಿಪ್ಪಿಗತೆ ತರಿತರಿ ಆಗ್ತೈತಿ. ಬಿಳಿ ಹೊಗಿ ಕಂಡ್ರ ಸತು ಹಾರಾಕತ್ತೈತಿ, 907 ಡಿಗ್ರಿಗೆ ಸತು ಕುದಿತೈತಿ, ಆ ಹೊಗಿ ಕುಡದ್ರ ರಾತ್ರಿ ಚಳಿಜ್ವರ ಬರ್ತೈತಿ.

ನೀರಿಗೆ ಅದ್ದಬೇಕೋ ಬ್ಯಾಡೋ ಅಂತ ಭಾಳ ಮಂದಿ ಕೇಳ್ತಾರ. ಉಕ್ಕು ಅದ್ದಿದ್ರ ಗಡಸಾಗ್ತೈತಿ, ಹಿತ್ತಾಳಿಗೆ ಅದರ ಸಂಬಂಧ ಇಲ್ಲ, ಅದ್ದಿದ್ರೂ ಅಷ್ಟ, ತಾನ ಆರಿದ್ರೂ ಅಷ್ಟ. ಬಿರುಸು ಮಾಡೋದು ಬಡಿತ ಒಂದ. ಹಂಗಾಗಿ ಇಡೀ ತಂಬಿಗಿ ಕಾಸಬ್ಯಾಡ್ರಿ, ಕಂಠ ಮೆತ್ತಗಾದ್ರ ನೀರು ತುಂಬಿ ಎತ್ತಿದಾಗ ಸೊಟ್ಟ ಆಗ್ತೈತಿ.

ಆರಿದ ಮ್ಯಾಲೆ ಹುಣಸಿಹಣ್ಣು ಉಪ್ಪು ಹಾಕಿ ತಿಕ್ಕಿ ಕಪ್ಪು ತೆಗೀರಿ. ಒಳಗಿಂದ ದುಂಡನೆ ಕಬ್ಬಿಣ ಆನಿಸಿ ಕೊಡತಿಯಿಂದ ಅಂಚಿನಿಂದ ನಡುವಿಗೆ ಸಣ್ಣಗ ಬಡೀರಿ. ಮೆತ್ತಗಿದ್ದಾಗ ಡಬ್ ಡಬ್ ಅಂತೈತಿ, ಬರಬರತ ಟಣ್ ಅನ್ನಾಕ ಶುರು ಆತಂದ್ರ ನಿಲ್ಲಿಸಿ ಮತ್ತ ಕಾಸ್ರಿ. ಕೊನಿ ಸುತ್ತ ಟಣ್ ಅಂತಿರಾಗ ಬಿಟ್ಟುಬಿಡ್ರಿ, ಬಿರುಸು ವಾಪಸ್ ಬಂದಿರ್ತೈತಿ.

ಬಡದ ಪಾತ್ರಿ ದನದ ಕೊಟ್ಟಿಗ್ಯಾಗ, ಯೂರಿಯಾ ಚೀಲದ ಬಾಜೂಕ ಇಡಬ್ಯಾಡ್ರಿ. ಬ್ರಿಟಿಷರ ಕಾಲದಾಗ ಕುದುರಿ ಲಾಯದಾಗ ಇಟ್ಟಿದ್ದ ಕಾಡತೂಸುಗಳು ಮಳಿಗಾಲದಾಗ ತಾನಾಗೇ ಬಿರುಕು ಬಿಡ್ತಿದ್ವು, 1921ರಾಗ ಕಾರಣ ಹೊರಗ ಬಂತು: ಬಡದು ಎಳದ ಹಿತ್ತಾಳಿಯೊಳಗ ಬಿಗಿ ಉಳಿದಿರ್ತೈತಿ, ಉಚ್ಚಿಯಿಂದ ಬರೋ ಅಮೋನಿಯಾ ತಾಗಿದ್ರ ಅದು ಸೀಳತೈತಿ. ಕಲಾಯಿ ಹಾಕಿಸಿದ್ರೂ ಇದ ಮಾತು, ಕಲಾಯಿ ಹಾಕುವಾಗ ಉದುರಿಸೋ ನವಸಾಗರದ ಪುಡಿ ಕಾದ್ರ ಅಮೋನಿಯಾ ಬಿಡ್ತೈತಿ, ಅದಕ್ಕ ಕಲಾಯಿಯವರು ಕೊಟ್ಟ ಕೂಡ್ಲೇ ಒಳಗ ಹೊರಗ ಎರಡೂ ಕಡೆ ನೀರಾಗ ಚೆನ್ನಾಗಿ ತೊಳೀರಿ, ಕಂಠದ ಮಡಿಕಿಯೊಳಗ ಪುಡಿ ಕುಂತಿರ್ತೈತಿ, ಅಲ್ಲೊಂದಿಟು ಬ್ರಷ್ ಹಾಕ್ರಿ.