ಜುಲೈ ನಾಲ್ಕರ ಕನ್ಸರ್ಟು: ಪಾರ್ಕಲ್ಲಿ ಕ್ಲಾರಿನೆಟ್ ನುಡಿಸಿದ ನನ್ನ ಅನುಭವ

ನ್ಯೂಜೆರ್ಸಿಲಿ ನಮ್ಮೂರಿನ ಕಮ್ಯುನಿಟಿ ಬ್ಯಾಂಡಲ್ಲಿ ನಾನು ಕ್ಲಾರಿನೆಟ್ ನುಡಿಸ್ತೀನಿ. ಇಲ್ಲಿ ಯಾರಿಗೂ ಸಂಬಳ ಇಲ್ಲ, ಟೀಚರ್ರು, ನರ್ಸು, ಪ್ಲಂಬರ್ರು, ರಿಟೈರ್ ಆದವರು, ನನ್ನಂಥ ಐಟಿಯವರು ಎಲ್ಲ ಸೇರಿ ವಾರಕ್ಕೊಂದು ಸಂಜೆ ಸ್ಕೂಲಿನ ಬ್ಯಾಂಡ್ ರೂಮಲ್ಲಿ ಪ್ರಾಕ್ಟೀಸ್ ಮಾಡ್ತೀವಿ. ವರ್ಷಕ್ಕೆಲ್ಲ ದೊಡ್ಡದು ಅಂದ್ರೆ ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರ ಆಸುಪಾಸಲ್ಲಿ ಪಾರ್ಕಲ್ಲಿ ಕೊಡೋ ದೇಶಭಕ್ತಿ ಕನ್ಸರ್ಟು. ಜನ ಮಡಚೋ ಕುರ್ಚಿ, ಜಮಖಾನ, ಊಟದ ಡಬ್ಬಿ ತಗೊಂಡು ಬಂದು ಹುಲ್ಲಿನ ಮೇಲೆ ಕೂತಿರ್ತಾರೆ, ಟಿಕೆಟ್ ಇಲ್ಲ.

ಬಯಲಲ್ಲಿ ನುಡಿಸೋದು ಬೇರೇನೇ ವಿದ್ಯೆ. ರೂಮಲ್ಲಿ ಗೋಡೆ ನಮ್ಮ ಸದ್ದನ್ನ ನಮಗೇ ವಾಪಸ್ ಕೊಡುತ್ತೆ, ಪಾರ್ಕಲ್ಲಿ ಊದಿದ್ದು ಊದಿದ ಹಾಗೇ ಹೋಗ್ಬಿಡುತ್ತೆ, ಪಕ್ಕದವರು ಏನು ನುಡಿಸ್ತಿದಾರೆ ಅಂತಾನೂ ಸರಿಯಾಗಿ ಕೇಳಲ್ಲ. ಆಗ ಎಲ್ಲರೂ ಜೋರಾಗಿ ಊದೋಕೆ ಶುರು ಮಾಡ್ತಾರೆ, ಅದರಿಂದ ಏನೂ ಪ್ರಯೋಜನ ಇಲ್ಲ, ತುಟಿ ಸೋಲುತ್ತೆ ಅಷ್ಟೇ. ಕಿವಿಗಿಂತ, ಮುಂದೆ ನಿಂತು ಕೈಯಲ್ಲಿ ತಾಳ ತೋರಿಸೋ ಡೈರೆಕ್ಟರ್ ಕೈಯನ್ನ ನಂಬಬೇಕು, ಕಣ್ಣು ಅಲ್ಲೇ ಇರಬೇಕು. ಹಿಂದಿನ ಸಾಲಿನ ಡ್ರಮ್ಮು ನಮಗೆ ತಡವಾಗಿ ಕೇಳುತ್ತೆ, ಅದನ್ನ ಹಿಡ್ಕೊಂಡು ಹೋದ್ರೆ ಇಡೀ ಸೆಕ್ಷನ್ ಹಿಂದೆ ಬೀಳುತ್ತೆ.

ಇನ್ನು ಸೆಖೆ. ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಜಾಸ್ತಿ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್, ಹಾಗಾಗಿ ಊದೋ ವಾದ್ಯಗಳ ಶ್ರುತಿ ಎಲ್ಲ ಮೇಲಕ್ಕೆ ಹೋಗುತ್ತೆ. ಆದ್ರೆ ಗ್ಲಾಕನ್‌ಸ್ಪೀಲ್ ಥರ ಲೋಹದ ಪಟ್ಟಿ ಬಡಿಯೋ ವಾದ್ಯ ಮೇಲೆ ಹೋಗಲ್ಲ, ಸ್ವಲ್ಪ ಕೆಳಗೇ ಬರುತ್ತೆ, ಎರಡಕ್ಕೂ ಜಗಳ. ಅದಕ್ಕೆ ನಾನು ಬ್ಯಾರೆಲ್ (ಊದೋ ತುದಿಯ ಕೆಳಗಿನ ಚಿಕ್ಕ ತುಂಡು) ಸ್ವಲ್ಪ ಹೊರಗೆ ಎಳೆದು ಶ್ರುತಿ ಇಳಿಸಿ ಶುರು ಮಾಡ್ತೀನಿ, ಹೊತ್ತು ಮುಳುಗಿ ತಣ್ಣಗಾಗ್ತಾ ಬಂದ ಹಾಗೆ ಹಾಡು ಹಾಡಿನ ಮಧ್ಯೆ ಒಳಗೆ ತಳ್ತೀನಿ. ಮರದ ಕ್ಲಾರಿನೆಟ್ಟನ್ನ ಬಿಸಿಲಿಗೆ ತರೋದೇ ಇಲ್ಲ, ಬಿರುಕು ಬಿಟ್ರೆ ಮುಗೀತು, ಇದಕ್ಕಂತಲೇ ಪ್ಲಾಸ್ಟಿಕ್‌ದು ಒಂದು ಇಟ್ಕೊಂಡಿದೀನಿ. ಸ್ವರದ ಹಾಳೆ ಗಾಳಿಗೆ ಹಾರದ ಹಾಗೆ ಬಟ್ಟೆ ಒಣಗಿಸೋ ಕ್ಲಿಪ್ಪು, ಎಷ್ಟಿದ್ರೂ ಸಾಲಲ್ಲ. ಹೊಳೆಯೋ ಪ್ಲಾಸ್ಟಿಕ್ ಕವರ್ ಮಾತ್ರ ಹಾಕ್ಬೇಡಿ, ಸಂಜೆ ಬಿಸಿಲು ಓರೆಯಾಗಿ ಬಿದ್ರೆ ಒಂದು ಸ್ವರಾನೂ ಕಾಣಲ್ಲ.

ಕನ್ಸರ್ಟ್ ಶುರುವಾಗೋದು ಅಮೆರಿಕದ ರಾಷ್ಟ್ರಗೀತೆಯಿಂದ. ಅದರ ಹರವು ಒಂದೂವರೆ ಸ್ಥಾಯಿ, ಜನ ಮೇಲಿನ ಸ್ವರಕ್ಕೆ ಬಂದಾಗ ಅರ್ಧ ಜನ ಸುಮ್ಮನಾಗ್ತಾರೆ. ಬ್ಯಾಂಡುಗಳು ಸಾಮಾನ್ಯವಾಗಿ ಬಿ-ಫ್ಲ್ಯಾಟ್ ಶ್ರುತಿಯಲ್ಲಿ ನುಡಿಸ್ತವೆ, ನಾವು ಅದಕ್ಕಿಂತ ತಗ್ಗಾದ ಎ-ಫ್ಲ್ಯಾಟಿಗೆ ಇಳಿಸಿದ್ವಿ, ಅಷ್ಟಕ್ಕೇ ಹಾಡೋರ ಸದ್ದು ನಮಗೆ ಸ್ಟೇಜಿನ ಮೇಲೂ ಕೇಳೋ ಹಾಗಾಯ್ತು. ಜನ ಹಾಡಬೇಕು ಅಂತಾನೇ ತಾನೆ ನುಡಿಸೋದು.

ಆದ್ರೆ ಇಡೀ ಸಂಜೆಯ ಜೀವ ಇರೋದು ಸೇನಾ ಹಾಡುಗಳ ಮೆಡ್ಲೇಲಿ, ಅಂದ್ರೆ ಹಾಡುಗಳನ್ನ ಒಂದಕ್ಕೊಂದು ಪೋಣಿಸಿದ ಮಾಲೇಲಿ. ಆರ್ಮಿ, ಮರೀನ್ಸ್, ನೇವಿ, ಏರ್ ಫೋರ್ಸ್, ಕೋಸ್ಟ್ ಗಾರ್ಡ್, ಒಂದೊಂದಕ್ಕೂ ಅದರದ್ದೇ ಹಾಡಿದೆ, ತಮ್ಮ ಹಾಡು ಬಂದಾಗ ಅಲ್ಲಿ ಕೆಲಸ ಮಾಡಿದವರು, ಅವರ ಮನೆಯವರು ಎದ್ದು ನಿಲ್ತಾರೆ, ಉಳಿದವರು ಚಪ್ಪಾಳೆ ಹೊಡೀತಾರೆ. ಸ್ಪೇಸ್ ಫೋರ್ಸ್ ಹುಟ್ಟಿದ್ದು 2019ರ ಡಿಸೆಂಬರಲ್ಲಿ, ಅದಕ್ಕೆ ಹಾಡು ಬಂದಿದ್ದು 2022ರಲ್ಲಿ, ಹಾಗಾಗಿ ಹಳೇ ಪ್ರತಿಗಳಲ್ಲಿ ಅದಿಲ್ಲ, ಬೇರೆ ಹಾಳೆ ಸೇರಿಸ್ಕೋಬೇಕು. ಅಚ್ಚಾದ ಮೆಡ್ಲೇಲಿ ಒಂದೊಂದು ಹಾಡೂ ಬಲು ಚಿಕ್ಕದು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಅಜ್ಜಂದಿರು ತಗ್ಗಾದ ಕುರ್ಚಿಯಿಂದ ಕೈ ಊರಿ, ಮೊಮ್ಮಗಳ ಭುಜ ಹಿಡಿದು ಎದ್ದು ನಿಲ್ಲೋ ಹೊತ್ತಿಗೆ ಹಾಡು ಮುಗಿದು ಮುಂದಿನದು ಶುರುವಾಗಿರುತ್ತೆ. ಅದನ್ನ ನೋಡ್ಕೊಂಡು ನುಡಿಸೋದು ನನಗೆ ಬಹಳ ಸಂಕಟ ಆಗ್ತಿತ್ತು. ಡೈರೆಕ್ಟರ್ ಹತ್ರ ಮಾತಾಡಿ ಪ್ರತಿ ಹಾಡಿನ ಪಲ್ಲವಿ ಎರಡು ಸಲ ನುಡಿಸೋಣ, ಹಾಡಿಗೆ ಮುಂಚೆ ಡ್ರಮ್ ಸಣ್ಣಗೆ ಮಾತ್ರ ಇರಲಿ, ಮೈಕಲ್ಲಿ ಹೆಸರು ಹೇಳಿ ಮುಗಿಸಿದ ಮೇಲೇ ಊದೋಣ ಅಂತ ಮಾಡ್ಕೊಂಡ್ವಿ. ನಿಮ್ಮ ಬ್ಯಾಂಡಲ್ಲೂ ಇದೊಂದನ್ನ ಮಾಡಿ ಅಂತ ನಾನು ಕೈ ಮುಗಿದು ಕೇಳ್ತೀನಿ. ಎದ್ದು ನಿಂತವರು ನಾಲ್ಕು ಕಡೆ ತಿರುಗಿ ಚಪ್ಪಾಳೆ ನೋಡೋ ಅಷ್ಟು ಟೈಮ್ ಸಿಗಬೇಕು.

ನಮ್ಮ ಕನ್ನಡ ಕೂಟದವರೊಬ್ರು ಕೇಳಿದ್ರು, ಅವರ ಸೈನ್ಯದ ಹಾಡು ನಿಮಗ್ಯಾಕ್ರೀ ಅಂತ. ನನ್ನ ಪಕ್ಕ ಕೂತು ಒಂದೇ ಸ್ಟ್ಯಾಂಡ್ ನೋಡ್ಕೊಂಡು ನುಡಿಸೋರು ನೇವಿಲಿ ಇದ್ದವರು ಕಣ್ರೀ, ನೇವಿ ಹಾಡು ಬಂದಾಗ ಅವರು ಕ್ಲಾರಿನೆಟ್ ಇಳಿಸಿ ಎದ್ದು ನಿಲ್ತಾರೆ, ಅವರ ಸ್ವರ ನಾನೇ ನುಡಿಸಬೇಕು ಅಂದೆ. ಮೈಸೂರಲ್ಲಿ ಬೆಳೆದೋನು ನಾನು, ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳಿದೋನಿಗೆ, ಬ್ಯಾಂಡ್ ಅಂದ್ರೆ ಊರಿನವರೆಲ್ಲ ಒಟ್ಟಿಗೆ ನಿಂತು ಕೇಳೋದು ಅನ್ನೋದನ್ನ ಯಾರೂ ಹೇಳ್ಕೊಡಬೇಕಿಲ್ಲ.

ಕೊನೆಗೆ ಅಮೆರಿಕದ ಸಂಗೀತ ಸಂಯೋಜಕ ಜಾನ್ ಫಿಲಿಪ್ ಸೂಸಾ 1896ರಲ್ಲಿ ಬರೆದ ‘ದ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’, 1987ರಿಂದ ಅದೇ ಇಲ್ಲಿನ ಅಧಿಕೃತ ರಾಷ್ಟ್ರೀಯ ಮಾರ್ಚ್ (ಕವಾಯತಿನ ನಡಿಗೆಗೆ ಹೊಂದೋ ಬ್ಯಾಂಡ್ ಸಂಗೀತ). ಜನ ಮೊದಲಿಂದಲೇ ಚಪ್ಪಾಳೆ ತಟ್ಟೋಕೆ ಶುರು ಮಾಡ್ತಾರೆ, ತಟ್ತಾ ತಟ್ತಾ ತಾಳದ ವೇಗ ಏರಿಸ್ತಾ ಹೋಗ್ತಾರೆ, ಅವರ ಹಿಂದೆ ಹೋದ್ರೆ ನಡುವಿನ ಮೆತ್ತನೆ ಭಾಗ ಹಾಳು. ಅಲ್ಲಿ ಡೈರೆಕ್ಟರ್ ಜನರ ಕಡೆ ತಿರುಗಿ ಅಂಗೈ ಇಳಿಸ್ತಾರೆ, ಚಪ್ಪಾಳೆ ನಿಲ್ಲುತ್ತೆ, ಕ್ಲಾರಿನೆಟ್ಟಿನವರು ಸಣ್ಣಗೆ ನುಡಿಸ್ತೀವಿ, ಆಮೇಲೆ ಪಿಕಲೋದವರು ಎದ್ದು ಮುಂದೆ ಬಂದು ಆ ಸಣ್ಣ ಕೊಳಲಲ್ಲಿ ಪಟಪಟ ಅಂತ ಶುರು ಮಾಡಿದ್ರೆ ಮಕ್ಕಳೆಲ್ಲ ಸ್ಟೇಜ್ ಹತ್ರ ಓಡಿ ಬರ್ತಾರೆ. ಕೊನೇ ಸಲಕ್ಕೆ ಟ್ರಾಂಬೋನ್ (ಕೊಳವೆ ಎಳೆದು ತಳ್ಳಿ ಊದೋ ಹಿತ್ತಾಳೆ ವಾದ್ಯ) ನುಡಿಸೋರೂ ಎದ್ದಾಗ ಚಪ್ಪಾಳೆ ಎಷ್ಟು ಬೇಕಾದ್ರೂ ಇರಲಿ.

ಸ್ಕೂಲಲ್ಲೋ ಕಾಲೇಜಲ್ಲೋ ಊದಿ ಬಿಟ್ಟಿರೋ ವಾದ್ಯ ಮನೇಲಿದ್ರೆ ನಿಮ್ಮೂರಿನ ಬ್ಯಾಂಡ್ ಹುಡುಕಿ. ಆಡಿಶನ್ ಇಲ್ಲದ ಬ್ಯಾಂಡು ತುಂಬಾ ಇವೆ, ನಿಮ್ಮದು ಕ್ಲಾರಿನೆಟ್ ಆದ್ರೆ ಮೊದಲು ಥರ್ಡ್ ಕ್ಲಾರಿನೆಟ್ ಪಾರ್ಟ್ (ಸಾಮಾನ್ಯವಾಗಿ ಸುಲಭವಾದ ಭಾಗ) ಕೇಳಿ ಕೂತ್ಕೊಳ್ಳಿ, ಮೇ ತಿಂಗಳಿಗೆ ಮುಂಚೆ ಸೇರಿದ್ರೆ ಜುಲೈ ಕನ್ಸರ್ಟಿಗೆ ಆರಾಮಾಗಿ ತಯಾರಾಗಬಹುದು. ಸೊಳ್ಳೆ ಮುಲಾಮು ತರೋದು ಮರೀಬೇಡಿ, ಎರಡು ಕೈಯೂ ವಾದ್ಯದ ಮೇಲಿರುತ್ತೆ.